ದಾರದ ಗಂಟುಗಳು

ಸೊಂಟದ ಮೇಲೆ ಏನೋ ಹರಿದಂತಾಗಿ ಬೆಳಿಗ್ಗೆ ಬೆಚ್ಚಿಬಿದ್ದು ಎದ್ದೆ. ಕೋಲ್ಕತ್ತದ ಸಾಲ್ಟ್ ಲೇಕ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ ನನ್ನವರು ಮಂಚದ ಪಕ್ಕ ಕುಕ್ಕರುಗಾಲಲ್ಲಿ ಕೂತು, ಲೇಕ್ ಮಾರ್ಕೆಟ್ಟಿನ ಹೂವಿನ ದಾರದಿಂದ ನನ್ನ ಸರ್ಪಸುತ್ತನ್ನು ಅಳೆಯುತ್ತಿದ್ದರು. ದಾರದಲ್ಲಿ ಆಗಲೇ ಮೂರು ಗಂಟುಗಳಿದ್ದವು.

ಸರ್ಪದ ತಲೆ ಬಾಲ ಕೂಡಿದರೆ ಜೀವಕ್ಕೆ ಅಪಾಯ, ದಿನಾ ಅಳೆದು ನೋಡಿ ಎಂದು ಮೈಸೂರಿನಿಂದ ಅತ್ತೆ ಫೋನ್ ಮಾಡಿದಾಗ ಗಟ್ಟಿಯಾಗಿ ನಕ್ಕವರು ಇವರೇ. ಅದು ಒಂದೇ ಪಕ್ಕದಲ್ಲಿ ನಿಲ್ಲುತ್ತದೆ, ಸುತ್ತಿಕೊಳ್ಳುವುದಿಲ್ಲ ಎಂದು ಡಾಕ್ಟರೂ ಹೇಳಿದ್ದರು.

“ಏನ್ರೀ ಇದು?” ಎಂದೆ.

“ಮೂರು ದಿನದಿಂದ ಅಳೀತಿದೀನಿ, ಬೆಳೀತಾನೇ ಇದೆ ಕಣೆ. ನಿಜ ಹೇಳು, ಮಾತ್ರೆ ನುಂಗ್ತಿದೀಯಾ?”

ನನ್ನ ಕಣ್ಣು ಬಾಲ್ಕನಿಯ ತುಳಸಿ ಕುಂಡದ ಕಡೆ ಹೊರಳಿತು. ಸರ್ಪಸುತ್ತು ಬಂದದ್ದು ಅದು ಮೂರನೇ ಸಲ. ಮಾತ್ರೆಯಿಂದ ಬರುವ ವಾಕರಿಕೆ ತಾಳಲಾರದೆ, ನೋವಿನ ಮಾತ್ರೆಯೊಂದನ್ನು ಬಿಟ್ಟು ಉಳಿದವನ್ನೆಲ್ಲ ಆ ಕುಂಡದಲ್ಲಿ ಹೂತುಹಾಕುತ್ತಿದ್ದೆ. ಅವರು ಹೋಗಿ ಮಣ್ಣು ಕೆದಕಿ, ಅರೆಬರೆ ಕರಗಿದ ಮಾತ್ರೆಗಳನ್ನು ಅಂಗೈಯಲ್ಲಿ ತಂದು ತೋರಿಸಿದರು.

ಅಂದೇ ಡಾಕ್ಟರ ಬಳಿ ಹೋದೆವು. ವಾಕರಿಕೆಗೂ ಮದ್ದಿತ್ತು, ನಾನು ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೆ. ಆ ದಾರವನ್ನು ಮಾತ್ರೆಯ ಡಬ್ಬಿಯಲ್ಲೇ ಇಟ್ಟುಕೊಂಡಿದ್ದೇನೆ. ಸರ್ಪಸುತ್ತು ನಾಲ್ಕನೇ ಸಲ ಬಂದಾಗ ಒಂದು ಹೊತ್ತೂ ಮಾತ್ರೆ ತಪ್ಪಿಸಲಿಲ್ಲ.