ಭಾವನ ಕೆರೆಯ ಆಳ

ಕೆರೆ, ಹಿನ್ನೀರುಗಳ ಆಳ ಅಳೆಯುವುದು ನನ್ನ ಹೊಟ್ಟೆಪಾಡು. ಪುಟ್ಟ ಫೈಬರ್ ದೋಣಿ, ಅದರ ತಳದಲ್ಲಿ ಆಳ ಹೇಳುವ ಒಂದು ಸೆನ್ಸರ್, ವೇಗ ಹೇಳುವ ಒಂದು ಚಕ್ರ. ಇಷ್ಟನ್ನು ಜೀಪಿಗೆ ಕಟ್ಟಿಕೊಂಡು ಊರೂರು ತಿರುಗುವ ನನ್ನನ್ನು ಯಸಳೂರಿನ ಕಡೆಯ ನನ್ನ ಭಾವ, ಅಂದರೆ ಅಕ್ಕನ ಗಂಡ, ಗುಡ್ಡದ ಮೇಲಿನ ಅಂಬಿಗ ಎಂದು ಆಡಿಕೊಳ್ಳುತ್ತಿದ್ದರು. ಈ ಬೇಸಿಗೆಯಲ್ಲಿ ಅವರೇ ಫೋನ್ ಮಾಡಿ ಕರೆದರು. ಮಾತಿನಲ್ಲಿ ನಗು ಇರಲಿಲ್ಲ.

ಕಾಫಿ ಅರಳಿಸುವ ಹೂಮಳೆ ಕೈಕೊಟ್ಟಿತ್ತು. ಭಾವ ಕೆರೆಯ ನೀರನ್ನೇ ಸ್ಪ್ರಿಂಕ್ಲರ್‌ಗೆ ಎತ್ತಿ ರೊಬಸ್ಟಾ ತೋಟವನ್ನು ಅರಳಿಸಿದ್ದರು. ಅರಳಿಸಿದರೆ ಮುಗಿಯಲಿಲ್ಲ. ಕೆಲವು ವಾರ ಬಿಟ್ಟು ಬ್ಯಾಕಿಂಗ್ ಎಂದು ಇನ್ನೊಂದು ಸುತ್ತು ನೀರು ಕೊಡಲೇಬೇಕು, ಇಲ್ಲದಿದ್ದರೆ ಕಚ್ಚಿದ ಹೀಚೆಲ್ಲ ಉದುರಿಹೋಗುತ್ತದೆ. ಅಷ್ಟು ನೀರು ಉಳಿದಿದೆಯೇ ಎಂದು ನಾನು ಹೇಳಬೇಕಿತ್ತು. ಅವರ ಮನೆಯಲ್ಲಿ ಅಜ್ಜನ ಕಾಲದಿಂದಲೂ ಕೆರೆ ಅಳೆಯುವುದು ಬಿದಿರು ಗಳದಿಂದ. ಗಳ ಇಳಿಸಿ ನೋಡಿಯೇ ಅವರು ಹೂವಿಗೆ ನೀರು ಹೊಡೆಯುವ ಧೈರ್ಯ ಮಾಡಿದ್ದರು.

ಮೊದಲು ವೇಗದ ಚಕ್ರ ಸರಿಮಾಡಿದೆ. ಪಾಚಿ ಸುತ್ತಿಕೊಂಡು ಅದಕ್ಕೆ ಸೋಮಾರಿತನ ಹಿಡಿದಿತ್ತು. ದಡದಲ್ಲಿ ಟೇಪ್ ಹಿಡಿದು ಎರಡು ಗೂಟ ನೆಟ್ಟು, ಗಾಳಿಗೆ ಎದುರಾಗಿ ಒಮ್ಮೆ, ಗಾಳಿಯ ಜೊತೆಗೆ ಒಮ್ಮೆ ದೋಣಿ ಓಡಿಸಿ, ಎರಡರ ಸರಾಸರಿಗೆ ಹೊಂದಿಸಿದೆ. ಅದು ಸರಿಹೋಯಿತು. ಆಳದ ಸರದಿ ಬಂದಾಗ ಪರದೆ ತೋರಿಸಿದ್ದು ಅಂದು ಬೆಳಿಗ್ಗೆ ಗಳ ಹೇಳಿದ್ದರ ಅರ್ಧಕ್ಕಿಂತಲೂ ಕಡಿಮೆ.

"ನಿನ್ ಮಿಷಿನ್ ಕೆಟ್ಟೋಗೈತೆ ಕಣೋ," ಎಂದರು ದೋಣಿಯಲ್ಲಿ ಎದುರಿಗೆ ಕೂತಿದ್ದ ಭಾವ.

ಕೆಟ್ಟಿರಲಿ ಎಂದು ನಾನೂ ಬೇಡಿಕೊಂಡೆ. ಗುರುತು ಹಾಕಿದ ಹಗ್ಗಕ್ಕೆ ಅಗಲವಾದ ಕಬ್ಬಿಣದ ತಟ್ಟೆ ಕಟ್ಟಿ ಸೆನ್ಸರ್ ಕೆಳಗೆ ಇಳಿಸಿದೆ. ಹಗ್ಗ ಹೇಳಿದಷ್ಟನ್ನೇ ಪರದೆಯೂ ಹೇಳಬೇಕು. ಸೆನ್ಸರ್ ನೀರೊಳಗೆ ಮುಳುಗಿರುವ ಗೇಣುದ್ದವನ್ನು ಕೂಡಿಸಿದ ಮೇಲೆ ಎರಡೂ ಹೊಂದಿದವು. ಆ ಒಂದು ಗೇಣಿಗೇ ಭಾವನ ಮುಖ ಅರಳಿತು. ತಟ್ಟೆಯನ್ನು ಇನ್ನೂ ಇಳಿಸಿದೆ. ಅದು ಮೆತ್ತಗೆ ಕೂತಿತು. ಆಗಲೂ ಹಗ್ಗ, ಪರದೆ ಎರಡರದ್ದೂ ಒಂದೇ ಮಾತು. ಮೇಲೆತ್ತಿದರೆ ತಟ್ಟೆಯ ತುಂಬ ಅಂಬಲಿಯಂಥ ಹೂಳು. ಗಳ ಅದನ್ನು ತೂರಿಕೊಂಡು ಗಟ್ಟಿ ನೆಲ ಮುಟ್ಟುತ್ತಿತ್ತು. ವರ್ಷವರ್ಷವೂ ಅವರು ಕೆಸರನ್ನೂ ನೀರೆಂದೇ ಎಣಿಸಿದ್ದರು.

"ಇನ್ನೊಂದ್ ಸಲ ನೋಡು ಮಾರಾಯ."

ನೋಡಿದೆ. ಜಾಗ ಬದಲಿಸಿ ಮತ್ತೂ ನೋಡಿದೆ. ಯಂತ್ರ ಸರಿಯಿದೆ ಎಂಬುದು ಗಟ್ಟಿಯಾದಷ್ಟೂ ನನಗೆ ಅದನ್ನು ಎತ್ತಿ ಕೆರೆಗೆಸೆಯುವಷ್ಟು ಸಿಟ್ಟು ಬಂತು. ಗೇಣನ್ನು ಕೂಡಿಸಲು ನಾನು ಯಾವ ಗುಂಡಿ ಒತ್ತಿದೆನೆಂದು ಭಾವ ನೋಡಿಕೊಂಡಿದ್ದರು. ಕೈ ಚಾಚಿ ತಾವೇ ಒತ್ತುತ್ತಾ ಹೋದರು. ಅಂಕಿ ಏರುತ್ತಾ ಗಳದ ಲೆಕ್ಕಕ್ಕೆ ಬಂದು ಮುಟ್ಟಿದಾಗ ಕೈ ತೆಗೆದರು.

"ಇಷ್ಟ್ ಇರ್ಬೇಕಿತ್ತು," ಎಂದರು. ನಾನು ದೋಣಿಯನ್ನು ದಡಕ್ಕೆ ತಿರುಗಿಸಿದೆ.

ಬ್ಯಾಕಿಂಗ್ ಹೊತ್ತಿಗೂ ಮಳೆ ಬರಲಿಲ್ಲ. ಆ ದಿನ ನಾನೂ ತೋಟದಲ್ಲಿದ್ದೆ. ಅರ್ಧ ತೋಟ ನೆನೆಯುವ ಮೊದಲೇ ಸ್ಪ್ರಿಂಕ್ಲರ್‌ಗಳು ಕೆಸರು ಉಗುಳಿ, ಕೆಮ್ಮಿ, ನಿಂತುಬಿಟ್ಟವು. ಅಕ್ಕ ಹತ್ತಿರದ ಗಿಡದ ಕೊಂಬೆಯೊಂದನ್ನು ಬಗ್ಗಿಸಿ, ಹೀಚಿಗೆ ಮೆತ್ತಿದ ಕೆಸರನ್ನು ಸೆರಗಿನ ತುದಿಯಿಂದ ಒರೆಸತೊಡಗಿದಳು.

"ಬುಡು, ಒರೆಸ್‌ಬ್ಯಾಡ," ಎಂದರು ಭಾವ. "ಉದುರೋವು ಕಣೇ ಅವು."