ರೋಗಿಯ ಮುಂದೆ ಆಡಿದ ಕನ್ನಡ

2005ರಲ್ಲಿ ನಾನು ತಿರುವನಂತಪುರದ ಒಂದು ಆಸ್ಪತ್ರೆಯಲ್ಲಿ ಆಂಕಾಲಜಿಸ್ಟ್, ಅಂದರೆ ಕ್ಯಾನ್ಸರ್ ವೈದ್ಯೆ ಆಗಿದ್ದೆ. ಊರು ಕಾಸರಗೋಡಿನ ಕುಂಬಳೆಯ ಹತ್ತಿರ. ಮನೆಯಲ್ಲಿ ಕನ್ನಡ, ಸಹೋದ್ಯೋಗಿಗಳೊಡನೆ ಇಂಗ್ಲಿಷ್, ರೋಗಿಗಳೊಡನೆ ಮಲಯಾಳ. ಮೂರೂ ಒಂದರ ಕಾಲ ಮೇಲೆ ಒಂದು ಬೀಳದಂತೆ ಹೇಗೋ ನಡೆಯುತ್ತಿತ್ತು. ಆ ವರ್ಷ ಮಾಮೂಲಿ ಒ.ಪಿ., ಅಂದರೆ ಹೊರರೋಗಿ ವಿಭಾಗದ ಜೊತೆಗೆ ಬುಧವಾರದ ಟೆಲಿಮೆಡಿಸಿನ್ ಕ್ಲಿನಿಕ್ಕೂ ನನ್ನ ಹೆಗಲಿಗೆ ಬಿತ್ತು.

ಇಂದು ಮೊಬೈಲಿನಲ್ಲೇ ವೈದ್ಯರ ಮುಖ ನೋಡುವವರಿಗೆ ಅಂದಿನ ವ್ಯವಸ್ಥೆಯನ್ನು ವಿವರಿಸಿ ಹೇಳಬೇಕು. ದೂರದ ಆಲುವ ಎಂಬ ಊರಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ಒಂದು ಕ್ಯಾಮೆರಾ, ಒಂದು ಟಿ.ವಿ.; ನಮ್ಮಲ್ಲಿಯೂ ಹಾಗೆಯೇ. ನಡುವೆ ಕೆಲವು ಟೆಲಿಫೋನ್ ಲೈನುಗಳನ್ನು ಸೇರಿಸಿ ಮಾಡಿದ ಸಂಪರ್ಕ. ಅಲ್ಲಿನ ಸಿ.ಟಿ. ಫಿಲ್ಮನ್ನು ಸ್ಕ್ಯಾನ್ ಮಾಡಿ ಕಳಿಸಿದರೆ ನಮ್ಮ ಪರದೆಯಲ್ಲಿ ಅದು ಮೇಲಿನಿಂದ ಕೆಳಕ್ಕೆ ಒಂದೊಂದೇ ಪಟ್ಟಿಯಾಗಿ ಇಳಿಯುತ್ತಿತ್ತು. ರೋಗಿ ಅಲುಗಾಡಿದರೆ ಮುಖ ಚೌಕಚೌಕವಾಗಿ ಒಡೆಯುತ್ತಿತ್ತು. ಮಾತು ತುಟಿಗಿಂತ ತಡವಾಗಿ ಬರುತ್ತಿತ್ತು. ಆದ್ದರಿಂದ ಎದುರಿನವರು ಮಾತು ಮುಗಿಸಿದ ಮೇಲೂ ಒಂದು ಕ್ಷಣ ಕಾಯಬೇಕು. ಸುಮ್ಮನಿದ್ದವರು ಯೋಚಿಸುತ್ತಿದ್ದಾರೋ, ಲೈನೇ ಹೋಯಿತೋ ಹೇಳುವಂತಿರಲಿಲ್ಲ.

ನಮ್ಮ ವಾರ್ಡಿನಲ್ಲಿ ಆಗ ಮಂಚಗಳು ಸಾಲದೆ ರೋಗಿಗಳು ನೆಲದಲ್ಲಿ ಮಲಗುತ್ತಿದ್ದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದು ಈ ಕ್ಲಿನಿಕ್ಕಿನ ಉದ್ಘಾಟನೆಯ ದಿನ ನಾನೇ ಗೊಣಗಿದ್ದೆ. ಆದರೆ ಹೊಟ್ಟೆನೋವಿನ ರೋಗಿಯೊಬ್ಬರು ಆಲುವದಿಂದ ಐದು ತಾಸು ರೈಲಿನಲ್ಲಿ ಕೂತು ಬಂದು, ನನ್ನ ಎದುರು ಐದು ನಿಮಿಷ ಕೂತು ಹಿಂದಿರುಗುವುದು ತಪ್ಪಿತಲ್ಲ. ಅಷ್ಟನ್ನು ಆ ಪೆಟ್ಟಿಗೆ ಪ್ರಾಮಾಣಿಕವಾಗಿ ಮಾಡಿತು.

ಆಲುವದ ಕಡೆ ಕೂರುತ್ತಿದ್ದವರು ಡಾ. ಗಣಪತಿ. ನಮ್ಮ ಊರ ಕಡೆಯವರೇ, ನನಗಿಂತ ಕಿರಿಯರು. ನನ್ನನ್ನು ಅಕ್ಕ ಎನ್ನುತ್ತಿದ್ದರು. ಇಬ್ಬರೂ ಕನ್ನಡದವರಾದ್ದರಿಂದ ನಮ್ಮಲ್ಲೊಂದು ರೂಢಿ ಬೆಳೆಯಿತು. ರೋಗಿ ಕ್ಯಾಮೆರಾದ ಮುಂದೆಯೇ ಕೂತಿರುತ್ತಿದ್ದರು. ಅವರನ್ನು ಹೊರಗೆ ಕಳಿಸಿ ಮತ್ತೆ ಕರೆದರೆ ಅರ್ಧ ಗಂಟೆ ಹೋಯಿತು. ಇಂಗ್ಲಿಷಿನಲ್ಲಿ ಮಾತಾಡೋಣವೆಂದರೆ ಕೇರಳದಲ್ಲಿ ಇಂಗ್ಲಿಷ್ ಬಾರದವರು ಯಾರು? ‘ಸೆಕೆಂಡರೀಸ್’ ಎಂದರೆ ರೋಗ ಹಬ್ಬಿದೆ ಎಂದು ಆಟೋದವರಿಗೂ ಗೊತ್ತು. ಹಾಗಾಗಿ ಕೆಟ್ಟ ಸುದ್ದಿಯಿದ್ದರೆ ನಾವು ಕನ್ನಡಕ್ಕೆ ಹೊರಳುತ್ತಿದ್ದೆವು. ಕನ್ನಡದಲ್ಲಿ ತೀರ್ಮಾನ, ಮಲಯಾಳದಲ್ಲಿ ಸಮಾಧಾನ. ಹಾಗೆ ಎಷ್ಟೋ ಬುಧವಾರಗಳು ಯಾವ ತೊಂದರೆಯೂ ಇಲ್ಲದೆ ಕಳೆದವು.

ಆ ಮಳೆಗಾಲ ಮುಗಿಯುವ ಹೊತ್ತಿಗೆ ರಾಧಾಮಣಿ ಎಂಬವರ ಫಿಲ್ಮು ಬಂತು. ನಲವತ್ತೆಂಟು ವರ್ಷ. ಗಾಲ್ ಬ್ಲಾಡರ್, ಅಂದರೆ ಪಿತ್ತಕೋಶದ ಕ್ಯಾನ್ಸರ್. ಪಕ್ಕದಲ್ಲಿ ಗಂಡ ಸುಕುಮಾರನ್; ಆಲುವದಲ್ಲಿ ಪಾತ್ರೆ ಅಂಗಡಿ. ಆಕೆ ಅಚ್ಚ ಮಲಯಾಳದಲ್ಲಿ ನಮಸ್ಕಾರ ಹೇಳಿ, ಗಣಪತಿ ಹೇಳಿಕೊಟ್ಟ ಹಾಗೆ ಅಲುಗಾಡದೆ ಕೂತರು. ಫಿಲ್ಮು ಪಟ್ಟಿಪಟ್ಟಿಯಾಗಿ ಇಳಿಯಿತು. ಅಂಗೈ ಹುಣ್ಣಿಗೆ ಕನ್ನಡಿ ಬೇಕಾಗಿರಲಿಲ್ಲ.

“ಲಿವರಿಗೆ ಪೂರಾ ಹಬ್ಬಿ ಆಗಿದೆ ಗಣಪತಿ,” ಎಂದೆ ಕನ್ನಡದಲ್ಲಿ. “ಆಪರೇಶನ್ ಮಾಡಿ ಪ್ರಯೋಜನ ಇಲ್ಲ. ಹೆಚ್ಚೆಂದರೆ ಮೂರು ತಿಂಗಳು.”

“ಗಂಡ ಬಿಡುದಿಲ್ಲ ಅಕ್ಕ. ಒಮ್ಮೆ ಅಲ್ಲಿ ಹೊಟ್ಟೆ ತೆರೆದು ನೋಡ್ಲಿ ಅಂತ ಹಟ ಹಿಡ್ದಿದ್ದಾರೆ. ಹೆಂಡ್ತಿಗೆ ಮಾತ್ರ ಏನೂ ಹೇಳ್ಬಾರ್ದಂತೆ.”

“ಎಂತ ಮಾಡುದು ಮಾರಾಯ. ಅವರ ಸಮಾಧಾನಕ್ಕೆ ಒಮ್ಮೆ ಬರ್ಲಿ. ಅಡ್ಮಿಟ್ ಮಾಡ್ತೇನೆ.”

ಮಲಯಾಳಕ್ಕೆ ಹೊರಳಲು ನಾನು ಬಾಯಿ ತೆರೆಯುವಷ್ಟರಲ್ಲಿ ರಾಧಾಮಣಿ ಮಾತಾಡಿದರು. ಮುಖದಲ್ಲಿ ನಗು ಇತ್ತು.

“ಡಾಕ್ಟ್ರೇ, ನಾನು ಮಂಗಳೂರಲ್ಲಿ ಏಳನೇ ಕ್ಲಾಸಿನವರೆಗೆ ಕಲ್ತದ್ದು. ಬಂದರಿನ ಹತ್ರ ಅಪ್ಪನದ್ದು ಹೋಟೆಲ್ ಇತ್ತು.”

ಕನ್ನಡ! ನಮ್ಮದಕ್ಕಿಂತ ಸ್ಪಷ್ಟ. ಪರದೆಯ ಅಂಚಿನಲ್ಲಿ ಗಣಪತಿಯ ಪೆನ್ನು ಮೇಜಿನಿಂದ ಉರುಳಿದ್ದು ಕಂಡಿತು. ಆಕೆ ಅದೇ ನಗುವಿನಲ್ಲಿ, ಊರ ಸುದ್ದಿ ಹೇಳುವ ದನಿಯಲ್ಲೇ ಮುಂದುವರಿಸಿದರು.

“ಎಲ್ಲ ಗೊತ್ತಾಯ್ತು. ನನ್ನನ್ನು ಅಲ್ಲಿಗೆ ಕರೆಸ್ಬೇಡಿ. ನಾನು ಮನೇಲಿ ಇರ್ತೇನೆ. ನನಗೆ ಗೊತ್ತುಂಟು ಅಂತ ಇವರಿಗೆ ಗೊತ್ತಾಗುದು ಬೇಡ. ನನ್ನೆದುರು ನಗ್ಲಿಕ್ಕೆ ಎಷ್ಟು ಕಷ್ಟ ಪಡ್ತಾರೆ ನೋಡಿ. ಅದನ್ನು ಯಾಕೆ ಹಾಳು ಮಾಡುದು?”

ನಾನು ಪರದೆಯಲ್ಲಿದ್ದ ಫಿಲ್ಮನ್ನೇ ನೋಡುತ್ತಿದ್ದೆ.

“ಲೈನು ಹೋಯ್ತಾ?” ಎಂದು ಆಕೆ ಕೇಳಿದರು.

“ಇಲ್ಲ, ಉಂಟು,” ಎಂದೆ.

ಏನು ಮಾತು ಎಂದು ಗಂಡ ಮಲಯಾಳದಲ್ಲಿ ಕೇಳಿದರು. ಆಕೆಯೇ ಉತ್ತರಿಸಿದರು: “ಡಾಕ್ಟರ್ ನಮ್ಮ ಮಂಗಳೂರು ಕಡೆಯವರು. ಊರ ಸುದ್ದಿ. ಅವರ ಡಾಕ್ಟರ್ ಮಾತೆಲ್ಲ ನನ್ನ ಏಳನೇ ಕ್ಲಾಸಿನ ಕನ್ನಡಕ್ಕೆ ಎಲ್ಲಿ ತಿಳಿಯುತ್ತದೆ?” ಗಂಡ ಹೌದು ಹೌದು ಎಂದು ತಲೆಯಾಡಿಸಿದರು.

ಸದ್ಯಕ್ಕೆ ಆಪರೇಶನ್ ಬೇಡ, ಮನೆಯಲ್ಲೇ ಔಷಧಿ ಕೊಡೋಣ, ಪ್ರತಿ ಬುಧವಾರ ಇಲ್ಲೇ ನೋಡುತ್ತೇನೆ ಎಂದು ಮಲಯಾಳದಲ್ಲಿ ಹೇಳಿದೆ. ಜಗಳಕ್ಕೆ ಸಿದ್ಧಳಾಗಿಯೇ ಕೂತಿದ್ದೆ. ಹಟ ಹಿಡಿದಿದ್ದ ಮನುಷ್ಯ ಹೆಂಡತಿಯ ಮುಖ ನೋಡಿ “ಸರಿ ಡಾಕ್ಟರೇ” ಎಂದರು, ಅಷ್ಟೇ. ಇಷ್ಟು ಸುಲಭಕ್ಕೆ ಒಪ್ಪಿದರಲ್ಲ ಎಂದು ಗಣಪತಿಗೂ ಆಶ್ಚರ್ಯವಾಯಿತು.

ಆ ದಿನ ನನಗೆ ಏನನಿಸಿತು ಎಂದು ಕೇಳಿದವರಿದ್ದಾರೆ. ಏನೂ ಅನಿಸಲಿಲ್ಲ. ಮುಂದಿನ ಫಿಲ್ಮು ಇಳಿಯುತ್ತಿತ್ತು, ಅದನ್ನು ನೋಡಿದೆ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಊಟ ಮಾಡಿದೆ. ದಿನವೂ ಅದೇ ಮಾತು ಹೇಳುವವರಿಗೆ ಒಳಗೊಂದು ಜಾಗ ಜೋಮು ಹಿಡಿದು ಬಿಡುತ್ತದೆ. ಚಿವುಟಿದರೂ ತಿಳಿಯುವುದಿಲ್ಲ.

ಮುಂದಿನ ವಾರಗಳಲ್ಲಿ ನಮ್ಮ ಗುಟ್ಟಿನ ಭಾಷೆ ಆಕೆಯದಾಯಿತು. ನೋವನ್ನು ಸೊನ್ನೆಯಿಂದ ಹತ್ತರವರೆಗಿನ ಅಂಕಿಯಲ್ಲಿ ಹೇಳಿಸುವುದು ನಮ್ಮ ಪದ್ಧತಿ. ಅದನ್ನು ನೋಡಿ ಮಾರ್ಫಿನ್ ಮಾತ್ರೆಯ ಪ್ರಮಾಣ ನಿರ್ಧರಿಸುತ್ತೇವೆ. ಮಲಯಾಳದಲ್ಲಿ ಕೇಳಿದರೆ ಆಕೆ ಮೂರು ಎನ್ನುತ್ತಿದ್ದರು. ಆಮೇಲೆ ಮಂಗಳೂರಿನ ಯಾವುದೋ ಬೀದಿಯ ವಿಷಯ ಕೇಳುವವರಂತೆ ಕನ್ನಡದಲ್ಲಿ “ಎಂಟು ಡಾಕ್ಟ್ರೇ, ರಾತ್ರಿ ನಿದ್ರೆ ಇಲ್ಲ” ಎನ್ನುತ್ತಿದ್ದರು. ಕನ್ನಡದ ಅಂಕಿಗೆ ನಾನು ಮಾತ್ರೆ ಬರೆಯುತ್ತಿದ್ದೆ. ಗಂಡ ಪಕ್ಕದಲ್ಲಿ ಕೈಕಟ್ಟಿ ಕೂತು, ಆಕೆ ನಕ್ಕಾಗ ತಾನೂ ನಗುತ್ತಿದ್ದರು. ಪಾಪ, ಏನೂ ತಿಳಿಯದ ಮನುಷ್ಯ ಎಂದುಕೊಂಡಿದ್ದೆ.

ಕೊನೆಯ ಬುಧವಾರ ಆಕೆಗೆ ನೆಟ್ಟಗೆ ಕೂರಲಾಗಲಿಲ್ಲ. ಗಂಡ ಭುಜಕ್ಕೆ ಆನಿಸಿಕೊಂಡಿದ್ದರು. ಕಣ್ಣು ಹಳದಿಯಾದದ್ದು ಆ ಮಂಕು ಪರದೆಯಲ್ಲೂ ಕಾಣುತ್ತಿತ್ತು. ಏನು ತಿನ್ನುತ್ತೀರಿ ಎಂದು ಕನ್ನಡದಲ್ಲೇ ಕೇಳಿದೆ.

“ಏನೂ ಸೇರುದಿಲ್ಲ. ಚಾಯ ಮಾತ್ರ. ಇವರು ಮಾಡಿ ಕೊಡ್ತಾರೆ,” ಎಂದು ಗಂಡನ ಕಡೆ ನೋಡಿ ನಕ್ಕರು. “ಒಮ್ಮೆ ಸಕ್ಕರೆ ಹಾಕ್ತಾರೆ, ಮರ್ತು ಇನ್ನೊಮ್ಮೆ ಹಾಕ್ತಾರೆ. ತಲೆ ಎಲ್ಲಿ ಉಂಟೋ ಪಾಪ. ಪಾಯಸದ ಹಾಗೆ ಇರ್ತದೆ. ಹೇಳಿದ್ರೆ ಬೇಜಾರು ಮಾಡ್ತಾರೆ ಅಂತ ಕುಡೀತೇನೆ.”

ಮುಂದಿನ ಬುಧವಾರ ಆ ಕುರ್ಚಿಯಲ್ಲಿ ಬೇರೆ ರೋಗಿಯಿದ್ದರು. ರಾಧಾಮಣಿ ಹೋದರು ಎಂದು ಗಣಪತಿ ಇಂಗ್ಲಿಷಿನಲ್ಲಿ ಹೇಳಿದರು. ಅಷ್ಟರಲ್ಲಿ ನಾವಿಬ್ಬರು ವೈದ್ಯರು ಪರದೆಯ ಮುಂದೆ ನಮ್ಮೊಳಗೆ ಕನ್ನಡ ಮಾತಾಡುವುದನ್ನು ಬಿಟ್ಟಿದ್ದೆವು.

ಕೆಲವು ತಿಂಗಳಾದ ಮೇಲೆ ಸುಕುಮಾರನ್ ನನ್ನ ಒ.ಪಿ.ಗೆ ಬಂದರು. ಅಂಗಡಿಗೆ ಸಗಟು ಪಾತ್ರೆ ಕೊಳ್ಳಲು ತಿರುವನಂತಪುರದ ಚಾಲೈ ಪೇಟೆಗೆ ಬಂದಿದ್ದರಂತೆ. ಪರದೆಯಲ್ಲಿ ಕಂಡದ್ದಕ್ಕಿಂತ ಎತ್ತರದ ಮನುಷ್ಯ. ಕಾಯುತ್ತಿದ್ದ ರೋಗಿಗಳೆಲ್ಲ ಮುಗಿಯುವವರೆಗೆ ಬೆಂಚಿನಲ್ಲಿ ಕೂತಿದ್ದು, ಕೊನೆಗೆ ಒಳಗೆ ಬಂದರು.

“ಅವಳಿಗೆ ಗೊತ್ತಿತ್ತು, ಅಲ್ಲವೇ ಡಾಕ್ಟರೇ?” ಎಂದರು ಮಲಯಾಳದಲ್ಲಿ.

ನಾನು ಕುರ್ಚಿ ತೋರಿಸಿದೆ. ಅವರೇ ಮುಂದುವರಿಸಿದರು. “ನೀವಿಬ್ಬರೂ ಕನ್ನಡದಲ್ಲಿ ಶುರು ಮಾಡಿದಾಗಲೇ ಅವಳಿಗೆ ಎಲ್ಲ ತಿಳಿದುಹೋಗುತ್ತದೆ ಎಂದು ನನಗೆ ಗೊತ್ತಾಯಿತು. ತಡೆಯಲು ಹೋದರೆ ಕೆಟ್ಟ ಸುದ್ದಿ ಎಂದು ಅವಳಿಗೆ ಖಚಿತವಾಗುತ್ತಿತ್ತು. ಸುಮ್ಮನೆ ಕೂತೆ. ಏಳನೇ ಕ್ಲಾಸಿನ ಕನ್ನಡವಂತೆ! ಅಪ್ಪನ ಹೋಟೆಲಿನ ಗಲ್ಲಾದಲ್ಲಿ ಕೂತು ಬೆಳೆದವಳು. ಆ ಭಾಷೆಯಲ್ಲಿ ಅವಳು ಜಗಳವಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನನಗೆ ತಿಳಿಯಬಾರದು ಎಂದು ಅವಳಿಗೆ ಆಸೆ. ಹಾಗೆಯೇ ಇರಲಿ ಎಂದುಕೊಂಡೆ.”

ಫ್ಯಾನು ತಿರುಗುತ್ತಿತ್ತು. ಅವರು ಬ್ಯಾಗನ್ನು ಮಡಿಲಲ್ಲಿಟ್ಟುಕೊಂಡರು.

“ಕೊನೆಯ ಸಲ ನನ್ನ ಕಡೆ ನೋಡಿ ನಕ್ಕು ಏನೋ ಹೇಳಿದಳು. ಅದೊಂದನ್ನು ಹೇಳಿ. ಬೇರೆ ಏನೂ ಬೇಡ.”

ರೋಗಿಯ ಗುಟ್ಟನ್ನು ರೋಗಿ ಸತ್ತ ಮೇಲೂ ಕಾಯಬೇಕು ಎಂದು ಕಲಿತವಳು ನಾನು. ಆದರೆ ಇದರಲ್ಲಿ ಕಾಯುವ ಗುಟ್ಟೇನಿದೆ ಎನಿಸಿತು. ಚಾಯದ ಮಾತನ್ನು ಆಕೆ ಹೇಳಿದ ಹಾಗೆಯೇ ಮಲಯಾಳದಲ್ಲಿ ಹೇಳಿದೆ. ಮರೆತು ಎರಡು ಸಲ ಸಕ್ಕರೆ ಹಾಕುತ್ತೀರಂತೆ, ನಿಮಗೆ ಬೇಸರವಾಗಬಾರದು ಎಂದು ಕುಡಿಯುತ್ತಿದ್ದರಂತೆ ಎಂದೆ.

ಎದುರಿಗೇ ಕೂತವರ ಮುಂದೆಯೂ ನಾನು ಅಭ್ಯಾಸಬಲದಿಂದ ಪರದೆಯ ಮುಂದೆ ಕಾಯುತ್ತಿದ್ದ ಆ ಒಂದು ಕ್ಷಣ ಕಾದೆ.

“ಮರೆತು ಹಾಕಿದ್ದಲ್ಲ ಡಾಕ್ಟರೇ,” ಎಂದರು. “ಅವಳು ಬೇರೇನೂ ತಿನ್ನುತ್ತಿರಲಿಲ್ಲವಲ್ಲ.”

ಎದ್ದು ಕೈಮುಗಿದು ಹೋದರು. ನಾನು ಕೂತೇ ಇದ್ದೆ. ಜೋಮು ಹಿಡಿದ ಕಾಲಿಗೆ ರಕ್ತ ಮರಳಿ ಬರುವಾಗ ಆಗುವ ನೋವು ಎಲ್ಲರಿಗೂ ಗೊತ್ತು. ನನಗೆ ಅಂಥದ್ದೇನೋ ಆಯಿತು. ಅಳು ಬಂತು, ಅತ್ತೆ. ನರ್ಸ್ ಬಾಗಿಲು ತೆರೆದು ನೋಡಿ ಮುಚ್ಚಿದರು.

ಆಮೇಲೆ ಲೈನುಗಳು ಸುಧಾರಿಸಿದವು, ಫಿಲ್ಮು ಕಣ್ಣು ಮಿಟುಕಿಸುವಷ್ಟರಲ್ಲಿ ಬರತೊಡಗಿತು. ನನ್ನ ಕ್ಲಿನಿಕ್ಕಿನಲ್ಲಿ ಬದಲಾದದ್ದು ಬೇರೆ. ಪರದೆಯಾಗಲಿ, ಎದುರು ಕುರ್ಚಿಯಾಗಲಿ, ಮೊದಲು ರೋಗಿಯನ್ನೇ ಕೇಳತೊಡಗಿದೆ: ನಿಮಗೆ ಯಾವ ಯಾವ ಭಾಷೆ ಬರುತ್ತದೆ, ಕಾಯಿಲೆಯ ವಿಷಯ ಎಷ್ಟು ತಿಳಿಯಬೇಕು? ನಿವೃತ್ತಿಯಾಗುವವರೆಗೂ ಇದನ್ನು ಬಿಡಲಿಲ್ಲ. ರೋಗಿಯ ಉತ್ತರ ಬಂದ ಮೇಲೆ ಪಕ್ಕದಲ್ಲಿ ಕೂತವರ ಕಡೆ ತಿರುಗಿ, ಇವರಿಗೆ ಚಾಯಕ್ಕೆ ಎಷ್ಟು ಸಕ್ಕರೆ ಹಾಕುತ್ತೀರಿ ಎಂದು ಕೇಳುತ್ತಿದ್ದೆ. ಇದೆಂಥ ಪ್ರಶ್ನೆ ಎಂದು ಜೂನಿಯರ್‌ಗಳು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಪಕ್ಕದಲ್ಲಿ ಕೂತವರು ಮಾತ್ರ ಯಾರೂ ನಗಲಿಲ್ಲ.