ಟೆಂಟಿನ ಸಿನಿಮಾ ನೋಡಿ ಬಂದ ಮೇಲೆ

ಯಜಮಾನರು ತೀರಿಕೊಂಡು ಮೂರು ತಿಂಗಳಾಯಿತು. ಅವರ ಖಾಕಿ ಬಟ್ಟೆ, ಬೆಲ್ಟು, ಲಾಠಿ ಎಲ್ಲವನ್ನೂ ಹಿಂದಕ್ಕೆ ಒಪ್ಪಿಸಿದೆ. ಪೊಲೀಸ್ ಲೈನಿನ ಮನೆ ಬಿಟ್ಟು ಹಾಲಹರವಿಯ ಅಣ್ಣನ ಮನೆಗೆ ಬಂದೆ. ಒಂದು ಮಾತು ಮಾತ್ರ ನನ್ನ ಬಳಿ ಉಳಿದಿದೆ. ಅದನ್ನು ಅವರ ಬಾಯಿಂದ ಹೊರಡಿಸಿದವಳು ನಾನೇ.

ಆಂಧ್ರ ಬೇರೆ ರಾಜ್ಯವಾದ ಮರುವರ್ಷ ನಾವು ಆದವಾನಿಗೆ ವರ್ಗವಾಗಿ ಬಂದೆವು. ಹತ್ತಿ ಬಿಡಿಸುವ ಜಿನ್ನುಗಳ ಹಿಂದಿನ ಬಯಲಿಗೆ ಟೆಂಟ್ ಸಿನಿಮಾ ಬಂದಾಗ ಲೈನಿನ ಹೆಂಗಸರೆಲ್ಲ ಮೊದಲ ಆಟಕ್ಕೆ ಹೋದೆವು. ತೆಲುಗು ಚಿತ್ರ. ಒಂದು ಮಗುವನ್ನು ಯಾರೋ ಕದ್ದೊಯ್ದಿರುತ್ತಾರೆ. ಇನ್ಸ್‌ಪೆಕ್ಟರು ಒಬ್ಬ ಆಳನ್ನು ಹಿಡಿದು ತಂದು, ಇಬ್ಬರ ಕೈಯಲ್ಲಿ ಕಾಲು ಹಿಡಿಸಿ ಅಂಗಾಲಿಗೆ ಹೊಡೆಯುತ್ತಾನೆ. ಹೊತ್ತು ಮೀರಿದರೆ ಮಗು ಉಳಿಯದು. ಹೆಂಗಸರ ಕಡೆಯಿಂದಲೇ ಕೂಗು ಎದ್ದಿತು.

“ಹಾಕ್ರಿ ಇನ್ನೊಂದು! ಬಾಯಿ ಬಿಡ್ತಾನ!”

ನಾನೂ ಕೂಗಿದೆ. ಹಿಂದಿನ ಊರಲ್ಲೂ ನಮ್ಮ ನೆರೆಯಲ್ಲೇ ಇದ್ದಾಕೆ ನನ್ನ ಮೊಣಕಾಲಿಗೆ ತಿವಿದಳು. “ನಿನ್ ಗಂಡನ್ನ ನೋಡೇ ಕಲ್ತಿರಬೇಕು ಬಿಡವ್ವ ಇವ್ರು. ಅಲ್ಲಿ ಆ ಜಟಕಾದವನ್ನ ಕುಂಟ ಮಾಡಿ ಕಳಿಸಿದ್ರಲ್ಲ, ಮರತ್ಯೇನು?”

ಎಲ್ಲರೂ ನಕ್ಕರು. ಆ ಊರಲ್ಲಿ ಹತ್ತಿ ಕಳುವಾದಾಗ ಕೋಸಗಿ ಕಡೆಯ ಒಬ್ಬ ಜಟಕಾ ಗಾಡಿಯವನನ್ನು ಠಾಣೆಗೆ ಎಳೆದುಕೊಂಡು ಹೋಗಿದ್ದರು. ಕಳ್ಳ ಬೇರೆಯವನೆಂದು ತಿಳಿಯುವಷ್ಟರಲ್ಲಿ ಅವನ ಒಂದು ಕಾಲು ಕೆಟ್ಟಿತ್ತು.

ಪರದೆಯ ಮೇಲಿನ ಆಳು ಒಂದು ಪಾಳುಬಾವಿಯ ಗುರುತು ಹೇಳಿದ. ಪೊಲೀಸರು ಓಡಿದರು. ಅಲ್ಲಿ ಏನೂ ಇರಲಿಲ್ಲ. ಹೊಡೆತ ನಿಲ್ಲಲೆಂದು ಬಾಯಿಗೆ ಬಂದದ್ದನ್ನು ಹೇಳಿದ್ದ. ಕೊನೆಗೆ ಮಗು ಸಿಕ್ಕಿತೋ ಇಲ್ಲವೋ, ನನಗೆ ನೆನಪಿಲ್ಲ.

ಮರುದಿನ ಊಟಕ್ಕೆ ಕೂತಾಗ ಕೇಳಿದೆ. “ಆ ಜಟಕಾದವಗ ಹೊಡದಾಗ ನೀವೂ ಇದ್ರೇನ್ರಿ?”

“ಇಲ್ಲ. ಅವತ್ತು ಹೊಳಗುಂದಕ್ಕ ಸಮನ್ಸ್ ಕೊಡಾಕ ಹೋಗಿದ್ದೆ.”

“ನಿಜ ಹೇಳ್ರಿ.”

“ಒಂದ್ ಸಿನಿಮಾ ನೋಡಿ ನೀನಾ ಇನ್ಸ್‌ಪೆಕ್ಟರ್ ಆದೇನು?” ಎಂದು ನಕ್ಕರು.

ಆ ನಗು ನನಗೆ ಹಿಡಿಸಲಿಲ್ಲ. ಮಾತು ಬಿಟ್ಟೆ. ಬಡಿಸಿ, ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದೆ. ದಿನಕ್ಕೊಮ್ಮೆ ಅದೇ ಪ್ರಶ್ನೆ, ಅದೇ ಉತ್ತರ, ಮತ್ತೆ ಮೌನ. ಅವರ ಊಟ ಕಡಿಮೆಯಾಯಿತು. ಒಂಬತ್ತನೆಯ ದಿನ ರೊಟ್ಟಿ ಮುರಿಯುತ್ತಿದ್ದ ಕೈ ನಿಲ್ಲಿಸಿ ಹೇಳಿದರು:

“ಹೌದು. ನಾನ ಅವನ ಕಾಲು ಹಿಡಕೊಂಡಿದ್ದೆ. ಸಾಕಾ?”

ಗೆದ್ದ ಹಾಗಾಯಿತು ನನಗೆ. ಅಂದಿನಿಂದ ನಮ್ಮ ಹೆಣ್ಣುಕೂಸನ್ನು ಅವರ ತೊಡೆಯ ಮೇಲೆ ಹೆಚ್ಚು ಹೊತ್ತು ಬಿಡಲಿಲ್ಲ. ಎಣ್ಣೆ ಹಚ್ಚಬೇಕು, ಮಲಗಿಸಬೇಕು ಎಂದು ಏನಾದರೊಂದು ನೆಪ ಹೇಳಿ ಎತ್ತಿಕೊಳ್ಳುತ್ತಿದ್ದೆ. ಅವರೂ ತಕರಾರಿಲ್ಲದೆ ಕೊಟ್ಟುಬಿಡುತ್ತಿದ್ದರು. ಹೀಗೆ ನಾಲ್ಕು ವರ್ಷ, ಜ್ವರ ಬಂದು ಹಾಸಿಗೆ ಹಿಡಿಯುವವರೆಗೆ.

ಆ ‘ಸಾಕಾ’ ಅಂದು ನನ್ನ ಕಿವಿಗೆ ಬಿದ್ದಿರಲಿಲ್ಲ. ಈಗ ರೊಟ್ಟಿ ಬಡಿಯುವಾಗ, ಕೊಡ ತುಂಬುವಾಗ ಅದೊಂದೇ ಕೇಳುತ್ತದೆ.

ಹೋದ ವಾರ ಆ ಜಟಕಾದವನು ಮನೆ ಹುಡುಕಿಕೊಂಡು ಬಂದ. ಕಟ್ಟೆಯ ಮೇಲೆ ಕೂತ.

“ಸಾಹೇಬ್ರು ಹೋದದ್ದು ಈಗ ಗೊತ್ತಾತ್ರೀ ಅವ್ವಾರ. ಹೊಡದ ಮರುದಿನ ನನಗ ಚಾ ಕುಡಿಸಿದವ್ರು ಅವರೊಬ್ರಾ.”

“ಹೊಡಿಯೋ ಮುಂದ ಇದ್ರೇನು?”

“ಇಲ್ರೀ. ಅವತ್ತು ಅವ್ರು ಊರಾಗಾ ಇರಲಿಲ್ಲ.”

“ನಿಜ ಹೇಳಪ್ಪ. ಕಾಲು ಹಿಡಿದಿರಲಿಲ್ಲೇನು?” ಎಂದೆ. ಇಲ್ಲವೆಂದು ತಲೆಯಾಡಿಸಿದ. ನನ್ನ ಮನಸ್ಸು ನೋಯಬಾರದೆಂದು ಹೀಗೆ ಹೇಳುತ್ತಿದ್ದಾನೆಯೆ? “ನನ್ನ ಮುಂದ ಮುಚ್ಚಬ್ಯಾಡ, ಹೇಳು!” ಎಂದು ಮೂರನೆಯ ಸಲ ಕೇಳುವಾಗ ನನ್ನ ದನಿ ಏರಿತ್ತು. ಅವನು ಹಿಂದೆ ಸರಿದು, ಸೊಟ್ಟ ಕಾಲನ್ನು ಧೋತರದೊಳಗೆ ಎಳೆದುಕೊಂಡು ಕೈಮುಗಿದ.

“ನೀವ್ ಹೆಂಗ ಹೇಳಂತೀರೋ ಹಂಗ ಹೇಳ್ತೀನ್ರೀ ಅವ್ವಾರ. ಸಿಟ್ಟಾಗಬ್ಯಾಡ್ರಿ.”

ಅವನು ಕುಂಟುತ್ತ ಓಣಿ ದಾಟಿದ ಮೇಲೆ ಮಗಳು ಬಾಗಿಲಿಗೆ ಬಂದಳು.

“ಅವ್ವಾ, ಆ ಮಾಮ ಯಾರ್ನ ಕಂಡು ಅಂಜಿದ?”

“ನನ್ನ ಕಂಡು,” ಎಂದೆ.